ನಾಲ್ಕು ಲಕ್ಷ ಕೋಟಿಯ ಬಜೆಟ್ ಮತ್ತು ಹಳ್ಳದ ಕಾಲುಸಂಕ

ಅರ್ಥಶಾಸ್ತ್ರ ವಿಭಾಗ



ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ದ್ವಿತೀಯ ಪಿಯುಸಿ ತರಗತಿಯಲ್ಲಿ ಸರ್ಕಾರದ ಆಯವ್ಯಯದ ಪಾಠ ಶುರು ಮಾಡಿದ್ದೆ. ಹೊರಗೆ ಜಡಿಮಳೆ. ಕರಿಹಲಗೆಯ ಮೇಲೆ ದೊಡ್ಡದಾಗಿ ‘₹4,09,549 ಕೋಟಿ’ ಎಂದು ಬರೆದು, ಇದು 2025-26ನೇ ಸಾಲಿನ ನಮ್ಮ ರಾಜ್ಯದ ಬಜೆಟ್ ಗಾತ್ರ ಎಂದೆ. ಮೂರು ದಿನ ರಜೆಯಲ್ಲಿದ್ದು ಅಂದೇ ತರಗತಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಮೇಡಂ, ಇಷ್ಟು ದುಡ್ಡು ಇದ್ದರೆ ನಮ್ಮ ಹಳ್ಳದ ಕಾಲುಸಂಕಕ್ಕೆ ಮಾತ್ರ ಯಾಕೆ ಇಲ್ಲ?” ಎಂದು ಕೇಳಿದಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ಮನೆಗೂ ಬಸ್ ನಿಲ್ಲುವ ರಸ್ತೆಗೂ ನಡುವೆ ಒಂದು ಹಳ್ಳವಿದೆ. ಅದರ ಮೇಲೆ ಅಡಿಕೆ ಮರದ ದಬ್ಬೆ ಕಟ್ಟಿ ಊರವರೇ ಮಾಡಿಕೊಂಡ ಸಂಕ. ನೀರು ಏರಿದ ದಿನ ತಾಯಿ ಕಳಿಸುವುದಿಲ್ಲ. ಕಳಿಸಬಾರದು ಕೂಡ. ಆ ಮೂರು ದಿನದ ರಜೆಗೆ ಕಾರಣ ಅದೇ. ನಾನು ಅವಳ ಹಾಜರಿ ಸರಿಪಡಿಸಿದೆ, ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬಳಿ ಉತ್ತರ ಇರಲಿಲ್ಲ. ಹತ್ತಾರು ವರ್ಷ ರಾಜಸ್ವ ಕೊರತೆ, ವಿತ್ತೀಯ ಕೊರತೆ, ಪ್ರಾಥಮಿಕ ಕೊರತೆ ಎಂದು ಮೂರು ಸೂತ್ರ ಬರೆಸಿ, ನಾಲ್ಕು ಅಂಕಕ್ಕೆ ಎಷ್ಟು ಬೇಕೋ ಅಷ್ಟು ಹೇಳಿ ಮುಗಿಸಿದವಳು ನಾನು. ಆ ದಿನದಿಂದ ಬಿಡುವಿದ್ದಾಗಲೆಲ್ಲ ಆಯವ್ಯಯದ ಪುಸ್ತಕಗಳನ್ನು ಬೇರೆ ದೃಷ್ಟಿಯಿಂದ ಓದಿದೆ: ಬೆಂಗಳೂರಿನಲ್ಲಿ ಘೋಷಣೆಯಾದ ರೂಪಾಯಿ ಆ ಹಳ್ಳದ ದಡಕ್ಕೆ ಬರಬೇಕಾದರೆ ಯಾವ ದಾರಿಯಲ್ಲಿ ಬರಬೇಕು, ಎಲ್ಲಿ ನಿಲ್ಲುತ್ತದೆ ಎಂದು. ಈ ಪಾಠ ಆ ಓದಿನ ಫಲ.

ಹಲಗೆಯ ಮೇಲಿನ ಅಂಕಿ

ಮೊದಲು ಆ 4,09,549 ಕೋಟಿಯನ್ನೇ ಬಿಡಿಸೋಣ. ಇದು ಸರ್ಕಾರದ ಆದಾಯವಲ್ಲ, ಖರ್ಚಿನ ಅಂದಾಜು. ಇದರಲ್ಲಿ ರಾಜಸ್ವ ವೆಚ್ಚ ₹3,11,739 ಕೋಟಿ, ಬಂಡವಾಳ ವೆಚ್ಚ ₹71,336 ಕೋಟಿ, ಹಳೆಯ ಸಾಲದ ಅಸಲು ಮರುಪಾವತಿ ₹26,474 ಕೋಟಿ. ಕೂಡಿಸಿ ನೋಡಿ, ಸರಿಹೋಗುತ್ತದೆ.

ಬರುವ ಕಡೆ ನೋಡಿದರೆ ರಾಜಸ್ವ ಜಮೆ ₹2,92,477 ಕೋಟಿ ಮಾತ್ರ. ಅದರೊಳಗೆ ರಾಜ್ಯದ ಸ್ವಂತ ತೆರಿಗೆ ₹2,08,100 ಕೋಟಿ, ತೆರಿಗೆಯೇತರ ಆದಾಯ ₹16,500 ಕೋಟಿ, ಕೇಂದ್ರ ತೆರಿಗೆಗಳಲ್ಲಿ ನಮ್ಮ ಪಾಲು ₹51,877 ಕೋಟಿ, ಕೇಂದ್ರದ ಸಹಾಯಾನುದಾನ ₹16,000 ಕೋಟಿ. ಉಳಿದದ್ದಕ್ಕೆ ಸಾಲ: ₹1,16,000 ಕೋಟಿ.

ಪರೀಕ್ಷೆಗೆ ಬೇಕಾದ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ. ರಾಜಸ್ವ ವೆಚ್ಚದಲ್ಲಿ ರಾಜಸ್ವ ಜಮೆ ಕಳೆದರೆ ₹19,262 ಕೋಟಿ. ಅದು ರಾಜಸ್ವ ಕೊರತೆ. ರಾಜಸ್ವ ಮತ್ತು ಬಂಡವಾಳ ವೆಚ್ಚಗಳ ಮೊತ್ತದಿಂದ ರಾಜಸ್ವ ಜಮೆಯನ್ನೂ ಸಾಲವಲ್ಲದ ₹170 ಕೋಟಿ ಬಂಡವಾಳ ಜಮೆಯನ್ನೂ ಕಳೆದರೆ ₹90,428 ಕೋಟಿ. ಅದು ವಿತ್ತೀಯ ಕೊರತೆ. ಪಠ್ಯಪುಸ್ತಕದ ಸೂತ್ರ ನಮ್ಮದೇ ರಾಜ್ಯದ ಅಂಕಿಗಳ ಮೇಲೆ ಕೆಲಸ ಮಾಡುವುದನ್ನು ಒಮ್ಮೆ ಕಂಡವರು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಆದರೆ ಇಲ್ಲಿಯವರೆಗೆ ಊರು ಎಲ್ಲಿಯೂ ಕಾಣಲಿಲ್ಲ. ಗ್ರಾಮ ಪಂಚಾಯತ್ ಈ ಲೆಕ್ಕದ ಯಾವ ಸಾಲಿನಲ್ಲಿದೆ?

ಪಂಚಾಯತ್‌ನ ಹೆಸರಿನಲ್ಲಿರುವ ಹಣ

ಬಜೆಟ್ ಎಂದರೆ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಓದುವ ಭಾಷಣವಷ್ಟೇ ಅಲ್ಲ. ಭಾಷಣದ ಹಿಂದೆ ಇಲಾಖಾವಾರು ಬೇಡಿಕೆಗಳ ದಪ್ಪ ಸಂಪುಟಗಳಿವೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು 7ನೇ ಬೇಡಿಕೆ, ನಗರಾಭಿವೃದ್ಧಿಯದು 19ನೇ ಬೇಡಿಕೆ. ಕರ್ನಾಟಕದಲ್ಲಿ ಇವುಗಳ ಜೊತೆಗೆ ಇನ್ನೊಂದು ಪುಸ್ತಕ ಇರುತ್ತದೆ. ಕಚೇರಿಗಳಲ್ಲಿ ಅದನ್ನು ‘ಲಿಂಕ್ ಡಾಕ್ಯುಮೆಂಟ್’ ಎನ್ನುತ್ತಾರೆ. ರಾಜ್ಯದ ಯೋಜನೆಗಳನ್ನು ‘ರಾಜ್ಯ ವಲಯ’ ಮತ್ತು ‘ಜಿಲ್ಲಾ ವಲಯ’ ಎಂದು ಎರಡು ಭಾಗ ಮಾಡಿ, ಜಿಲ್ಲಾ ವಲಯದ ಯಾವ ಕಾರ್ಯಕ್ರಮಕ್ಕೆ ಯಾವ ಜಿಲ್ಲೆಗೆ ಎಷ್ಟು ಎಂಬುದನ್ನು ಅದು ತೋರಿಸುತ್ತದೆ. ನಿಮ್ಮ ಜಿಲ್ಲೆಯ ಹೆಸರನ್ನು ಬಜೆಟ್ ದಾಖಲೆಯಲ್ಲಿ ನೋಡಬೇಕಾದರೆ ಅದನ್ನೇ ತೆರೆಯಬೇಕು.

ಅದನ್ನು ಮೊದಲ ಸಲ ತೆರೆದವರಿಗೆ ಖುಷಿಯಾಗುತ್ತದೆ. ಜಿಲ್ಲೆಗೆ ಇಷ್ಟೊಂದು ಹಣವೇ ಎಂದು. ಸಾಲುಗಳನ್ನು ಒಂದೊಂದಾಗಿ ಓದಿದಾಗ ಖುಷಿ ಇಳಿಯುತ್ತದೆ. ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳ ಲೆಕ್ಕದಲ್ಲಿ ತೋರಿಸುವ ಹಣದ ಬಹುಭಾಗ ಸಂಬಳ. ಸರ್ಕಾರಿ ಶಾಲೆಯ ಶಿಕ್ಷಕರು, ಆಸ್ಪತ್ರೆಯ ಸಿಬ್ಬಂದಿ, ಇಲಾಖೆಗಳ ನೌಕರರು, ಇವರ ವೇತನ ಈ ದಾರಿಯಲ್ಲಿ ಹೋಗುತ್ತದೆ. ಆ ಸಂಬಳ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ನೇಮಕಾತಿ, ವರ್ಗಾವಣೆ, ವೇತನ ಶ್ರೇಣಿ ಎಲ್ಲವನ್ನೂ ರಾಜ್ಯವೇ ತೀರ್ಮಾನಿಸುತ್ತದೆ. ಪಂಚಾಯತ್ ಅದರಲ್ಲಿ ಒಂದು ರೂಪಾಯಿಯನ್ನೂ ಆಚೀಚೆ ಮಾಡುವಂತಿಲ್ಲ. ಹಣ ಅದರ ಹೆಸರಿನಲ್ಲಿ ಬರುತ್ತದೆ, ಅದರ ಮೂಲಕ ಹಾದುಹೋಗುತ್ತದೆ. ಅಂಚೆಯಣ್ಣನ ಚೀಲದಲ್ಲಿರುವ ಮನಿಯಾರ್ಡರ್ ಅವನ ಆಸ್ತಿಯಾಗುವುದಿಲ್ಲವಲ್ಲ, ಹಾಗೆ.

ಹಾಗಾಗಿ ‘ಸ್ಥಳೀಯ ಸಂಸ್ಥೆಗಳಿಗೆ ಇಷ್ಟು ಸಾವಿರ ಕೋಟಿ’ ಎಂಬ ತಲೆಬರಹ ಪತ್ರಿಕೆಯಲ್ಲಿ ಕಂಡಾಗ ನಾವು ಕೇಳಬೇಕಾದದ್ದು ಒಂದೇ. ಇದರಲ್ಲಿ ಎಷ್ಟನ್ನು ಆ ಸಂಸ್ಥೆಯ ಚುನಾಯಿತ ಸದಸ್ಯರು ಸಭೆಯಲ್ಲಿ ಕುಳಿತು ‘ಇದಕ್ಕೆ ಬೇಡ, ಅದಕ್ಕೆ’ ಎಂದು ತೀರ್ಮಾನಿಸಬಹುದು? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಹೋಗೋಣ. ಕಾಲುಸಂಕ ಬರುವುದಾದರೆ ಅಂಥ ಹಣದಿಂದಲೇ ಬರಬೇಕು.

ಶೇಕಡಾ ಎಷ್ಟು, ಯಾವುದರ ಶೇಕಡಾ?

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದು ಸೇರಿಸಿದ 11ನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರ 13ನೇ ಸಾಲನ್ನು ನಮ್ಮ ವಿದ್ಯಾರ್ಥಿನಿಗೆ ತೋರಿಸಿದೆ: ರಸ್ತೆ, ಮೋರಿ, ಸೇತುವೆ, ದೋಣಿ ಸಾಗಣೆ, ಜಲಮಾರ್ಗ. ಅಂದರೆ ಅವಳ ಕಾಲುಸಂಕ ಸಂವಿಧಾನದ ಪಟ್ಟಿಯಲ್ಲೇ ಇದೆ! ಆದರೆ 243ಜಿ ವಿಧಿಯ ಮಾತು ಸ್ವಲ್ಪ ನಾಜೂಕಾದದ್ದು. ಅಧಿಕಾರವನ್ನು ರಾಜ್ಯ ಶಾಸಕಾಂಗ ‘ಕೊಡಬಹುದು’ ಎನ್ನುತ್ತದೆ, ‘ಕೊಡತಕ್ಕದ್ದು’ ಎನ್ನುವುದಿಲ್ಲ. ಕೆಲಸದ ಪಟ್ಟಿ ಇದೆ, ದುಡ್ಡಿನ ಪಟ್ಟಿ ಇಲ್ಲ.

ದುಡ್ಡಿನ ಮಾತಿಗೆ ಸಂವಿಧಾನ ಬೇರೊಂದು ವ್ಯವಸ್ಥೆ ಮಾಡಿದೆ. 243ಐ ವಿಧಿಯಂತೆ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಬೇಕು. ರಾಜ್ಯದ ಆದಾಯವನ್ನು ರಾಜ್ಯ ಮತ್ತು ಪಂಚಾಯತ್‌ಗಳು ಹೇಗೆ ಹಂಚಿಕೊಳ್ಳಬೇಕು ಎಂದು ಅದು ಹೇಳಬೇಕು. 243ವೈ ವಿಧಿಯಂತೆ ಪಟ್ಟಣಗಳ ವಿಷಯವನ್ನೂ ಅದೇ ಆಯೋಗ ನೋಡುತ್ತದೆ. ಕರ್ನಾಟಕದ ಮೊದಲ ಆಯೋಗ 1994ರಲ್ಲಿ ಅರ್ಥಶಾಸ್ತ್ರಜ್ಞ ಜಿ. ತಿಮ್ಮಯ್ಯ ಅವರ ಅಧ್ಯಕ್ಷತೆಯಲ್ಲಿ ರಚನೆಯಾಯಿತು. ಐದನೆಯದು 2023ರ ಅಕ್ಟೋಬರ್‌ನಲ್ಲಿ ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯಲ್ಲಿ. 1994ರಿಂದ ಐದೈದು ವರ್ಷ ಎಣಿಸಿಕೊಂಡು ಬನ್ನಿ. ಐದನೆಯದು ಯಾವಾಗ ಬರಬೇಕಿತ್ತು, ಯಾವಾಗ ಬಂತು ಎಂಬುದು ನಿಮಗೇ ತಿಳಿಯುತ್ತದೆ.

ಆಯೋಗದ ವರದಿಗಳಲ್ಲಿ ಉದ್ದನೆಯ ಪದವೊಂದು ಬರುತ್ತದೆ: ‘ಸಾಲರಹಿತ ನಿವ್ವಳ ಸ್ವಂತ ರಾಜಸ್ವ ಜಮೆ’. ಹೆದರಬೇಡಿ. ಸಾಲ ತಂದ ಹಣ ಬಿಡಿ, ಕೇಂದ್ರದಿಂದ ಬಂದದ್ದನ್ನೂ ಬಿಡಿ. ರಾಜ್ಯ ತಾನೇ ದುಡಿದದ್ದರಲ್ಲಿ ವಸೂಲಿಯ ಖರ್ಚು ಮುಂತಾದವನ್ನು ಕಳೆದು ಉಳಿಯುವುದೇ ಅದು. ಸ್ಥಳೀಯ ಸಂಸ್ಥೆಗಳ ಪಾಲನ್ನು ಇದರ ಶೇಕಡಾವಾರಿನಲ್ಲಿ ಹೇಳುತ್ತಾರೆ.

ಇದು ಏಕೆ ಮುಖ್ಯ ಎಂಬುದಕ್ಕೆ ಸಣ್ಣ ಲೆಕ್ಕ ಮಾಡಿ. 2025-26ರ ಸ್ವಂತ ತೆರಿಗೆ ಮತ್ತು ತೆರಿಗೆಯೇತರ ಆದಾಯ ಸೇರಿ ₹2,24,600 ಕೋಟಿ. ಕಳೆಯುವುದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರೆ ಅದರ ಶೇಕಡಾ 1 ಅಂದರೆ ₹2,246 ಕೋಟಿ. ಒಟ್ಟು ಬಜೆಟ್ ಗಾತ್ರದ ಶೇಕಡಾ 1 ಅಂದರೆ ₹4,095 ಕೋಟಿ. ಎರಡೂ ‘ಒಂದು ಪರ್ಸೆಂಟ್’ಗಳೇ, ಆದರೆ ಒಂದು ಇನ್ನೊಂದರ ಹತ್ತಿರಹತ್ತಿರ ಇಮ್ಮಡಿ. ಯಾರಾದರೂ ವೇದಿಕೆಯಲ್ಲಿ ‘ಪಂಚಾಯತ್‌ಗಳಿಗೆ ಇಷ್ಟು ಪರ್ಸೆಂಟ್ ಕೊಟ್ಟಿದ್ದೇವೆ’ ಎಂದರೆ, ಅಥವಾ ‘ಇಷ್ಟೇ ಕೊಟ್ಟರು’ ಎಂದು ಇನ್ನೊಬ್ಬರು ದೂರಿದರೆ, ಯಾವುದರ ಪರ್ಸೆಂಟ್ ಎಂದು ಮೊದಲು ಕೇಳಿ. ಅದರಲ್ಲಿ ಸಂಬಳ ಸೇರಿದೆಯೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ.

ಇನ್ನೊಂದು ಭಾಗಾಕಾರ. ನಮ್ಮ ರಾಜ್ಯದಲ್ಲಿರುವ ಗ್ರಾಮ ಪಂಚಾಯತ್‌ಗಳು ಆರು ಸಾವಿರಕ್ಕೆ ಸಮೀಪ. ಆ ₹2,246 ಕೋಟಿಯನ್ನು ಆರು ಸಾವಿರಕ್ಕೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ₹37 ಲಕ್ಷ ಚಿಲ್ಲರೆ. ಆಯೋಗ ಒಂದು ಶೇಕಡಾ ಹೆಚ್ಚು ಹೇಳುವುದು, ಸರ್ಕಾರ ಒಂದು ಶೇಕಡಾ ಕಡಿಮೆ ಒಪ್ಪುವುದು ನಮಗೆ ಕಾಗದದ ಮೇಲಿನ ವಾದದಂತೆ ಕಾಣುತ್ತದೆ. ಒಂದು ಊರಿನ ಮಟ್ಟಿಗೆ ಅದು ವರ್ಷಕ್ಕೆ ಮೂವತ್ತೇಳು ಲಕ್ಷದ ವಾದ. ಆಯೋಗದ ಶಿಫಾರಸನ್ನು ಸರ್ಕಾರ ಇದ್ದಂತೆ ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ. ಏನು ಕ್ರಮ ಕೈಗೊಂಡೆವು ಎಂಬ ವಿವರಣೆಯನ್ನು ಶಾಸನಸಭೆಯ ಮುಂದೆ ಇಡಬೇಕು, ಅಷ್ಟೇ.

ರಾಜ್ಯದಿಂದ ಗ್ರಾಮ ಪಂಚಾಯತ್‌ಗೆ ನೇರವಾಗಿ ಬರುವ ಶಾಸನಬದ್ಧ ಅನುದಾನ ಒಂದಿದೆ. ಅದು ಏನಾಗುತ್ತದೆ ಎಂದು ತಿಳಿಯಲು ಯಾವುದಾದರೂ ಪಂಚಾಯತ್ ಕಚೇರಿಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ಕುಡಿಯುವ ನೀರಿನ ಪಂಪಿನ ಕರೆಂಟ್ ಬಿಲ್, ಬೀದಿದೀಪದ ಬಿಲ್, ನೀರು ಬಿಡುವವರು, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಸ್ವಚ್ಛತೆಯ ಕೆಲಸದವರು, ಇವರ ವೇತನ. ಇವೆಲ್ಲ ಕೊಟ್ಟ ಮೇಲೆ ಸಂಕ ಕಟ್ಟುವಷ್ಟು ಉಳಿಯುವುದು ಅಪರೂಪ.

ದೆಹಲಿಯಿಂದ ಬರುವ ಹಣ: ತಲೆಗೆ ಎಷ್ಟು?

ಹಾಗಾದರೆ ಗ್ರಾಮ ಪಂಚಾಯತ್ ಹೊಸ ಕಾಮಗಾರಿಗಳನ್ನು ಯಾವ ಹಣದಲ್ಲಿ ಮಾಡುತ್ತದೆ? ಮುಖ್ಯವಾಗಿ ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ. ಊರಿನಲ್ಲಿ ಇದನ್ನು ‘ಹದಿನೈದನೇ ಹಣಕಾಸು’ ಎಂದು ಕರೆಯುವುದನ್ನು ನೀವು ಕೇಳಿರಬಹುದು, ಫಲಕಗಳ ಮೇಲೆ ಓದಿಯೂ ಇರಬಹುದು. ಉದ್ಯೋಗ ಖಾತರಿಯ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ.

15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಗಳಿಗೆ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೆ ₹4,36,361 ಕೋಟಿ ಶಿಫಾರಸು ಮಾಡಿತು. ಅದರಲ್ಲಿ ಗ್ರಾಮೀಣ ಸಂಸ್ಥೆಗಳಿಗೆ ₹2,36,805 ಕೋಟಿ, ನಗರ ಸಂಸ್ಥೆಗಳಿಗೆ ₹1,21,055 ಕೋಟಿ. ಉಳಿದದ್ದರಲ್ಲಿ ಹೆಚ್ಚಿನದು ಪ್ರಾಥಮಿಕ ಆರೋಗ್ಯಕ್ಕೆ.

ದೊಡ್ಡ ಅಂಕಿ ಕಂಡಾಗ ಅದನ್ನು ತಲೆಗೆ ಭಾಗಿಸುವ ಅಭ್ಯಾಸ ಇಟ್ಟುಕೊಳ್ಳಿ. ₹2,36,805 ಕೋಟಿ ಐದು ವರ್ಷಕ್ಕೆ, ಅಂದರೆ ವರ್ಷಕ್ಕೆ ಸರಾಸರಿ ₹47,361 ಕೋಟಿ. 2011ರ ಜನಗಣತಿಯಂತೆ ಭಾರತದ ಗ್ರಾಮೀಣ ಜನಸಂಖ್ಯೆ 83 ಕೋಟಿಗಿಂತ ಸ್ವಲ್ಪ ಹೆಚ್ಚು. ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ ಸುಮಾರು ₹570. ದಿನಕ್ಕೆ ಒಂದೂವರೆ ರೂಪಾಯಿ. ಇದು ಇಡೀ ದೇಶದ ಸರಾಸರಿ. ರಾಜ್ಯಗಳ ನಡುವಿನ ಹಂಚಿಕೆಯಲ್ಲಿ ಜನಸಂಖ್ಯೆಗೆ ಶೇಕಡಾ 90, ವಿಸ್ತೀರ್ಣಕ್ಕೆ ಶೇಕಡಾ 10 ತೂಕ ಇರುವುದರಿಂದ ರಾಜ್ಯದಿಂದ ರಾಜ್ಯಕ್ಕೆ ಹೆಚ್ಚುಕಡಿಮೆಯಾಗುತ್ತದೆ.

ಈಗ ಒಂದು ಕಾಲ್ಪನಿಕ ಗ್ರಾಮ ಪಂಚಾಯತ್ ಇಟ್ಟುಕೊಳ್ಳೋಣ. ಜನಸಂಖ್ಯೆ 6,000. ಈ ಅನುದಾನ ವರ್ಷಕ್ಕೆ ₹30 ಲಕ್ಷ ಬಂತು ಎನ್ನೋಣ. ಅದರಲ್ಲಿ ಶೇಕಡಾ 60 ನಿರ್ಬಂಧಿತ. ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಅಂದರೆ ₹9 ಲಕ್ಷ ಮತ್ತು ₹9 ಲಕ್ಷ. ಉಳಿದ ₹12 ಲಕ್ಷ ಮಾತ್ರ ಅನಿರ್ಬಂಧಿತ. ಅದನ್ನು ಸಂಬಳ ಮತ್ತು ಕಚೇರಿ ಖರ್ಚಿಗೆ ಬಳಸುವಂತಿಲ್ಲ. 29 ವಿಷಯಗಳ ವ್ಯಾಪ್ತಿಯಲ್ಲಿ ಊರಿಗೆ ಬೇಕಾದ್ದಕ್ಕೆ ಬಳಸಬಹುದು. ನಾವು ಹುಡುಕುತ್ತಿದ್ದ, ಸದಸ್ಯರು ಕುಳಿತು ತೀರ್ಮಾನಿಸಬಹುದಾದ ಹಣ ಕೊನೆಗೂ ಸಿಕ್ಕಿತು. ಕಾಲುಸಂಕಕ್ಕೆ ಬರಬಹುದಾದ ಹಣ ಇದೇ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಮ್ಮ ಕಾಯ್ದೆಯಂತೆ ಸುಮಾರು 400 ಜನರಿಗೆ ಒಬ್ಬ ಸದಸ್ಯ. 6,000 ಜನರಿಗೆ 15 ಸದಸ್ಯರು. ಹೆಚ್ಚಿನ ಕಡೆ ಕ್ರಿಯಾ ಯೋಜನೆ ಮಾಡುವಾಗ ಜಗಳ ಬೇಡವೆಂದು ಎಲ್ಲರಿಗೂ ಸಮಪಾಲು ಮಾಡಿಬಿಡುತ್ತಾರೆ. ₹12 ಲಕ್ಷವನ್ನು 15ರಿಂದ ಭಾಗಿಸಿದರೆ ಸದಸ್ಯರೊಬ್ಬರಿಗೆ ₹80 ಸಾವಿರ. ಅಷ್ಟರಲ್ಲಿ ಒಂದು ತುಂಡು ಚರಂಡಿ, ಮನೆಗಳ ನಡುವೆ ನಾಲ್ಕು ಮಾರು ಕಾಂಕ್ರೀಟ್ ದಾರಿ, ಎರಡು ಬೀದಿದೀಪ. ಹಳ್ಳಕ್ಕೆ ಅಡ್ಡವಾಗಿ ಗಟ್ಟಿ ಸಂಕ ಬೇಕೆಂದರೆ ಹಲವು ಸದಸ್ಯರು ಆ ವರ್ಷ ತಮ್ಮ ಪಾಲು ಬಿಟ್ಟುಕೊಡಬೇಕು. ಮಳೆಗಾಲದಲ್ಲಿ ಮಾತ್ರ ತೊಂದರೆ ಕೊಡುವ, ಹತ್ತು ಹನ್ನೆರಡು ಮನೆಯವರಷ್ಟೇ ಬಳಸುವ ಸಂಕಕ್ಕಾಗಿ ಯಾರು ಬಿಟ್ಟುಕೊಡುತ್ತಾರೆ? ಸಮಪಾಲು ನ್ಯಾಯದಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ, ಗ್ರಾಮ ಪಂಚಾಯತ್‌ಗಳ ಕೈಯಲ್ಲಿರುವ ಚೂರುಪಾರು ಸ್ವಾತಂತ್ರ್ಯವನ್ನು ನಿಷ್ಫಲ ಮಾಡುವುದೂ ಇದೇ ಸಮಪಾಲು. ಇದಕ್ಕೆ ಬೆಂಗಳೂರನ್ನೋ ದೆಹಲಿಯನ್ನೋ ದೂರಿ ಪ್ರಯೋಜನವಿಲ್ಲ.

ಒಂದು ಪಂಚಾಯತ್‌ಗೆ ಮೀರಿದ ಕೆಲಸ ಯಾರದು?

ಒಂದು ಗ್ರಾಮ ಪಂಚಾಯತ್‌ನ ಕೈಗೆ ಎಟುಕದ ಕೆಲಸಕ್ಕೆಂದೇ ಮೇಲೆ ಎರಡು ಹಂತಗಳಿವೆ: ತಾಲೂಕು ಪಂಚಾಯತ್, ಜಿಲ್ಲಾ ಪಂಚಾಯತ್. 14ನೇ ಹಣಕಾಸು ಆಯೋಗ 2015-20ರಲ್ಲಿ ಹಳ್ಳಿಗಳ ಪಾಲಿನ ಅನುದಾನವನ್ನೆಲ್ಲ ಗ್ರಾಮ ಪಂಚಾಯತ್‌ಗಳಿಗೇ ಕೊಟ್ಟಿತ್ತು, ಮೇಲಿನ ಎರಡು ಹಂತಕ್ಕೆ ಏನೂ ಇರಲಿಲ್ಲ. 15ನೇ ಆಯೋಗ ಅದನ್ನು ಸರಿಪಡಿಸಿ ಮೂರೂ ಹಂತಗಳಿಗೆ ಪಾಲು ಹೇಳಿತು. ಗ್ರಾಮ ಪಂಚಾಯತ್‌ಗೆ ಶೇಕಡಾ 70ರಿಂದ 85, ತಾಲೂಕಿಗೆ 10ರಿಂದ 25, ಜಿಲ್ಲೆಗೆ 5ರಿಂದ 15.

ನಮ್ಮ ರಾಜ್ಯ ಎಡವಿದ್ದು ಇಲ್ಲಿ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತ್‌ಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಐದು ವರ್ಷದ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುವುದು 243ಇ ವಿಧಿ. ಅದು ಆಗಲಿಲ್ಲ. ಕ್ಷೇತ್ರ ಪುನರ್ವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳು ಉರುಳಿದವು. ಚುನಾಯಿತರ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದರು. ಹಣಕಾಸು ಆಯೋಗದ ಅನುದಾನವೋ ಚುನಾಯಿತ ಸಂಸ್ಥೆಗಳಿಗಾಗಿ ಇರುವಂಥದ್ದು. ಚುನಾಯಿತ ಮಂಡಳಿ ಇಲ್ಲದ ಹಂತಕ್ಕೆ ಕೇಂದ್ರ ಹಣ ಬಿಡುವುದಿಲ್ಲ. ಮತ ಹಾಕದೆ ಹೋದ ವರ್ಷಗಳ ಬೆಲೆಯನ್ನು ನಾವು ರೂಪಾಯಿಯಲ್ಲೂ ತೆತ್ತಿದ್ದೇವೆ.

ವಿದ್ಯಾರ್ಥಿನಿಯ ತಂದೆ ಅರ್ಜಿ ಹಿಡಿದು ಅಲೆದದ್ದು ಇದೇ ಅವಧಿಯಲ್ಲಿ. ಪಂಚಾಯತ್‌ನಲ್ಲಿ ‘ನಮ್ಮ ಅನುದಾನದಲ್ಲಿ ಆಗುವುದಿಲ್ಲ, ಜಿಲ್ಲಾ ಪಂಚಾಯತ್‌ಗೆ ಕೊಡಿ’ ಎಂದರು. ಅಲ್ಲಿ ಅರ್ಜಿ ತೆಗೆದುಕೊಂಡು ಮುದ್ರೆ ಹಾಕಿ ಕೊಟ್ಟರು. ‘ನಮ್ಮ ಕ್ಷೇತ್ರದ ಸದಸ್ಯರು ಯಾರು?’ ಎಂದು ಅವರು ಕೇಳಿದರೆ, ಯಾರೂ ಇಲ್ಲ! ಕೊನೆಗೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಸಾಲಿನಲ್ಲಿ ನಿಂತರು. ಆ ನಿಧಿ ಒಂದು ವಿಧಾನಸಭಾ ಕ್ಷೇತ್ರಕ್ಕೆ ವರ್ಷಕ್ಕೆ ₹2 ಕೋಟಿ. ಎಷ್ಟು ಊರು, ಎಷ್ಟು ಹಳ್ಳ ಎಂದು ನೀವೇ ಎಣಿಸಿ.

ಇದೇ ರಾಜ್ಯ ಒಂದು ಕಾಲದಲ್ಲಿ ದೇಶಕ್ಕೇ ದಾರಿ ತೋರಿಸಿತ್ತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಅವರು ತಂದ 1983ರ ಕಾಯ್ದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ರಚನೆಯಾಗಿ 1987ರಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿ ಮುಖ್ಯ ಕಾರ್ಯದರ್ಶಿ. ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲು. ಸಂವಿಧಾನದ 73ನೇ ತಿದ್ದುಪಡಿಗೆ ಹತ್ತು ವರ್ಷ ಮೊದಲು ಮಾಡಿದ ಕಾಯ್ದೆ ಇದು. ಜಿಲ್ಲೆಯ ಹಣವನ್ನು ಜಿಲ್ಲೆಯೇ ಕುಳಿತು ಹಂಚಬೇಕು, ಅಧಿಕಾರಿ ಜನಪ್ರತಿನಿಧಿಗೆ ಉತ್ತರ ಕೊಡಬೇಕು ಎಂಬುದು ಅದರ ಹಿಂದಿದ್ದ ನಂಬಿಕೆ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ.

ಮನೆ ಕಂದಾಯದ ಮಾತು

ಇಷ್ಟೆಲ್ಲ ಕೇಳಿ ‘ಎಲ್ಲ ತಪ್ಪೂ ಮೇಲಿನವರದೇ’ ಎಂದುಕೊಳ್ಳಬೇಡಿ. ಪಂಚಾಯತ್‌ಗೆ ಯಾವ ಷರತ್ತೂ ಇಲ್ಲದೆ ಸಿಗುವ ಹಣ ಒಂದಿದೆ. ಅದು ನಮ್ಮ ಮನೆಗಳಿಂದಲೇ ಬರಬೇಕು. ಕಟ್ಟಡ ಮತ್ತು ಕೃಷಿಯೇತರ ಜಾಗದ ತೆರಿಗೆ, ನೀರಿನ ಶುಲ್ಕ, ಅಂಗಡಿ ಪರವಾನಗಿ ಶುಲ್ಕ, ಸಂತೆ ಸುಂಕ. ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೂ ಅಂಗವಿಕಲರಿಗೂ ನಿಗದಿತ ಪಾಲು ತೆಗೆದಿಡಬೇಕು ಎಂಬುದನ್ನು ಬಿಟ್ಟರೆ ಉಳಿದದ್ದಕ್ಕೆ ಪಂಚಾಯತ್ ಸಭೆಯೇ ಯಜಮಾನ.

ತರಗತಿಯಲ್ಲಿ ಕೇಳಿದೆ: “ಈ ವರ್ಷ ನಿಮ್ಮ ಮನೆಯ ತೆರಿಗೆ ಕಟ್ಟಿದ ರಸೀದಿ ನೋಡಿದವರು ಕೈ ಎತ್ತಿ.” ಅರವತ್ತು ಮಕ್ಕಳಲ್ಲಿ ನಾಲ್ಕು ಕೈ. ಮನೆಗೆ ಹೋಗಿ ಕೇಳಿ ಬನ್ನಿ ಎಂದೆ. ಮರುದಿನ ಬಂದ ಉತ್ತರಗಳು ಸ್ವಾರಸ್ಯವಾಗಿದ್ದವು. ಕೆಲವರ ಮನೆಯಲ್ಲಿ ಬಾಕಿ. ಕೆಲವರ ಮನೆ ಎರಡು ಮಹಡಿ ಆಗಿದ್ದರೂ ದಾಖಲೆಯಲ್ಲಿ ಇನ್ನೂ ಹಂಚಿನ ಮನೆ. ಹುಡುಗನೊಬ್ಬ ತಲೆ ತಗ್ಗಿಸಿ, “ಅಜ್ಜನ ಕಾಲದ ಕಂದಾಯವೇ ಕಟ್ಟುತ್ತಿದ್ದೇವೆ ಮೇಡಂ” ಎಂದ. ಅಪ್ಪ ಗಲ್ಫ್‌ನಲ್ಲಿ ದುಡಿದು ಕಟ್ಟಿಸಿದ ಮನೆ ಅದು. ನಾನೂ ಸುಮ್ಮನೆ ನಗಲಾರದೆ ಹೋದೆ, ಏಕೆಂದರೆ ನಮ್ಮ ಮನೆಯ ರಸೀದಿ ಹುಡುಕಿದಾಗ ಅದೂ ಎರಡು ವರ್ಷ ಹಳೆಯದೇ ಇತ್ತು. ಪಟ್ಟಣಗಳ ವಿಷಯದಲ್ಲಿ 15ನೇ ಆಯೋಗ ಇದನ್ನು ಷರತ್ತಾಗಿಯೇ ಹಾಕಿದೆ. ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿಪಡಿಸಿ, ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ವಸೂಲಿ ಹೆಚ್ಚಿಸದಿದ್ದರೆ ಅನುದಾನ ಇಲ್ಲ.

ನಾವು ಮಾಡಿದ್ದು, ಮಾಡಬೇಕಾದದ್ದು

ಪಾಠದ ಕೊನೆಗೆ ನಾಲ್ವರು ವಿದ್ಯಾರ್ಥಿಗಳ ಗುಂಪೊಂದು ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ ಇ-ಗ್ರಾಮ ಸ್ವರಾಜ್ ತಾಣ ತೆರೆದು ಆ ವಿದ್ಯಾರ್ಥಿನಿಯ ಪಂಚಾಯತ್‌ನ ಕ್ರಿಯಾ ಯೋಜನೆ ತೆಗೆಯಿತು. ಯಾವ ಗ್ರಾಮ ಪಂಚಾಯತ್‌ನದೇ ಆಗಲಿ, ಯೋಜನೆ ಮತ್ತು ಪಾವತಿ ಅಲ್ಲಿ ಎಲ್ಲರಿಗೂ ಕಾಣುತ್ತದೆ. ಪಾಸ್‌ವರ್ಡ್ ಬೇಡ. ಪಟ್ಟಿಯಲ್ಲಿ ಚರಂಡಿ, ಪೈಪ್‌ಲೈನ್, ಬೀದಿದೀಪ, ಶಾಲೆಯ ಶೌಚಾಲಯದ ದುರಸ್ತಿ ಇದ್ದವು. ಕಾಲುಸಂಕ ಇರಲಿಲ್ಲ. ಹಣ ಸಾಲದೆ ಬಿಟ್ಟುಹೋದದ್ದಲ್ಲ, ಬೇಡಿಕೆಯೇ ಪಟ್ಟಿಗೆ ಏರಿರಲಿಲ್ಲ. ತಂದೆ ಅರ್ಜಿ ಕೊಟ್ಟದ್ದು ಕಚೇರಿಗೆ. ವಾರ್ಡ್ ಸಭೆಗೆ ಅವರು ಯಾವತ್ತೂ ಹೋಗಿರಲಿಲ್ಲ. ಕ್ರಿಯಾ ಯೋಜನೆಯ ಬೇಡಿಕೆಗಳು ಮೊದಲು ವಾರ್ಡ್ ಸಭೆಯಲ್ಲಿ ನಮೂದಾಗಿ, ಆಮೇಲೆ ಗ್ರಾಮಸಭೆಯಲ್ಲಿ ಆದ್ಯತೆಯ ಪಟ್ಟಿ ಸೇರಬೇಕು. ಅರ್ಜಿಗೆ ಸಿಕ್ಕ ಮುದ್ರೆ ಆ ದಾರಿಯಲ್ಲೇ ಇರಲಿಲ್ಲ.

ನಿಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಆದ್ದರಿಂದ ಗ್ರಾಮಸಭೆಯಲ್ಲಿ ನಿಮಗೆ ಮತವಿಲ್ಲ. ಆದರೆ ಹದಿನೆಂಟರ ಒಳಗಿನವರಿಗಾಗಿಯೇ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ. ಶಾಲೆಯ ದಾರಿ, ಸಂಕ, ಬಸ್ ನಿಲ್ದಾಣ ಇವೇ ಅಲ್ಲಿನ ವಿಷಯಗಳು. ಅದನ್ನು ಪ್ರೌಢಶಾಲೆಯವರ ಕಾರ್ಯಕ್ರಮ ಎಂದು ಪಿಯುಸಿಯವರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಕಳೆದ ವರ್ಷದ ಖರ್ಚಿನ ಲೆಕ್ಕವನ್ನು ಜನರ ಮುಂದೆ ಓದುವ ಜಮಾಬಂದಿಯೂ ವರ್ಷಕ್ಕೊಮ್ಮೆ ಇರುತ್ತದೆ, ಹೆಚ್ಚಾಗಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ. ವಾಣಿಜ್ಯ ವಿಭಾಗದವರಿಗೆ ಅದಕ್ಕಿಂತ ಒಳ್ಳೆಯ ಲೆಕ್ಕಶಾಸ್ತ್ರದ ಪ್ರಾಯೋಗಿಕ ತರಗತಿ ಬೇರೆಲ್ಲಿ ಸಿಕ್ಕೀತು?

ಬಜೆಟ್ ಓದುವಾಗ ಮೂರು ಕಾಲಂಗಳನ್ನೂ ನೋಡಲು ಮರೆಯಬೇಡಿ: ಆಯವ್ಯಯ ಅಂದಾಜು, ಪರಿಷ್ಕೃತ ಅಂದಾಜು, ಎರಡು ವರ್ಷ ಹಿಂದಿನ ವಾಸ್ತವ ಲೆಕ್ಕ. ಮೊದಲನೆಯದು ಮಾರ್ಚ್ ತಿಂಗಳ ಭರವಸೆ. ಮೂರನೆಯದು ನಡೆದ ಸಂಗತಿ. ಎರಡರ ನಡುವಿನ ಅಂತರ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ.

ಪ್ರಥಮ ಪಿಯುಸಿಯವರಿಗೂ ಸೇರಿಸಿ ಒಂದು ಕೆಲಸ ಕೊಡುತ್ತಿದ್ದೇನೆ. ನಿಮ್ಮ ಗ್ರಾಮ ಪಂಚಾಯತ್ ಅಥವಾ ಪುರಸಭೆಯ ಈ ವರ್ಷದ ಕ್ರಿಯಾ ಯೋಜನೆಯ ಪ್ರತಿಯನ್ನು ತನ್ನಿ. ಅದರಲ್ಲಿ ನಿರ್ಬಂಧಿತ ಎಷ್ಟು, ಅನಿರ್ಬಂಧಿತ ಎಷ್ಟು, ಅನಿರ್ಬಂಧಿತದಲ್ಲಿ ಅತಿ ದೊಡ್ಡ ಕಾಮಗಾರಿ ಯಾವುದು, ಅತಿ ಚಿಕ್ಕದು ಯಾವುದು ಎಂದು ಗುರುತಿಸಿ. ಜೊತೆಗೆ ಮನೆಯ ತೆರಿಗೆ ರಸೀದಿಯ ಪ್ರತಿ. ಪುರಸಭೆ ವ್ಯಾಪ್ತಿಯವರು ಗಮನಿಸಿ: ನಿಮ್ಮಲ್ಲಿ ಗ್ರಾಮಸಭೆ ಇಲ್ಲ. ನಿಮ್ಮ ವಾರ್ಡಿನ ಸದಸ್ಯರ ಹೆಸರು ಬರೆದು ತಂದರೂ ಸಾಕು, ಎಷ್ಟು ಜನರಿಗೆ ಗೊತ್ತಿದೆ ಎಂದು ನೋಡೋಣ.

ಆ ವಿದ್ಯಾರ್ಥಿನಿ ತನ್ನ ತಂದೆಯ ಹಳೆಯ ಅರ್ಜಿಯನ್ನು ವಾರ್ಡ್ ಸಭೆಗೆಂದು ಹೊಸದಾಗಿ ಬರೆದಿದ್ದಾಳೆ. ಹಳ್ಳದ ಆಚೆ ಎಷ್ಟು ಮನೆ, ಶಾಲೆ ಕಾಲೇಜಿಗೆ ಹೋಗುವ ಮಕ್ಕಳೆಷ್ಟು, ಕಳೆದ ಮಳೆಗಾಲದಲ್ಲಿ ಒಬ್ಬೊಬ್ಬರಿಗೆ ತಪ್ಪಿದ ತರಗತಿಗಳೆಷ್ಟು, ಎಲ್ಲವನ್ನೂ ಕೋಷ್ಟಕ ಮಾಡಿದ್ದಾಳೆ. ಕೆಳಗೆ 11ನೇ ಅನುಸೂಚಿಯ 13ನೇ ವಿಷಯ ಎಂದೂ ಬರೆದಿದ್ದಾಳೆ. ವಾರ್ಡ್ ಸಭೆಯ ದಿನಾಂಕ ಇನ್ನೂ ಪ್ರಕಟವಾಗಿಲ್ಲ. ಪಂಚಾಯತ್‌ನ ನೋಟಿಸ್ ಬೋರ್ಡ್ ಬಸ್ ನಿಲ್ದಾಣದ ಎದುರಿಗೇ ಇರುವುದರಿಂದ ದಿನಾಲೂ ಒಮ್ಮೆ ನೋಡಿಯೇ ಬಸ್ ಹತ್ತುತ್ತೇನೆ ಎಂದು ಹೇಳಿದಳು.